ಹೆಳವಜ್ಜನ ಪುಸ್ತಕಕ್ಕೆ ಬಸ್ ಬಂದದ್ದು

ಹೆಳವರ ಸಿದ್ದರಾಮಜ್ಜ ದುಮ್ಮವಾಡಕ್ಕೆ ಬರುವುದು ಏಳು ವರ್ಷಕ್ಕೊಮ್ಮೆ. ಬಂದರೆ ಯಾರ ಮನೆಯ ಹಿರಿಯರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾವ ಅಣ್ಣ ಯಾವ ತಮ್ಮನ ಜೊತೆ ಜಗಳಾಡಿ ಬೇರೆ ಒಲೆ ಹೂಡಿದ ಎಂಬುದನ್ನೆಲ್ಲ ಏಳೆಂಟು ತಲೆಮಾರಿನ ಹಿಂದಿನಿಂದ ರಾಗವಾಗಿ ಹೇಳುತ್ತಾನೆ. ಹೇಳಿದ್ದಕ್ಕೆ ಕಾಳುಕಡಿ, ಒಂದು ಪಂಚೆ, ಎರಡು ದಿನ ಊಟ. ಅವನ ಅಜ್ಜ ಎತ್ತಿನ ಮೇಲೆ ಕೂತು ಬರುತ್ತಿದ್ದನಂತೆ, ಅಪ್ಪ ಚಕ್ಕಡಿಯಲ್ಲಿ. ಸಿದ್ದರಾಮಜ್ಜ ಈ ಸಲ ಬಂದದ್ದು ಮೂರು ಗಾಲಿಯ ಟಂಟಂ ಗಾಡಿಯಲ್ಲಿ, ಸಿಮೆಂಟಿನ ಎರಡು ಚೀಲಗಳ ನಡುವೆ, ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು.

ಗಾಡಿ ನಿಂತದ್ದು ಈರಬಸಪ್ಪನ ಮನೆಯ ಮುಂದೆ. ಈರಬಸಪ್ಪನ ಹೆಂಡತಿ ಶಾರದವ್ವ ಕಾಲಿಗೆ ನೀರು ಕೊಟ್ಟಳು, ಸೊಸೆ ನಂದಾ ಚಹಾ ತಂದಳು, ಹತ್ತು ವರ್ಷದ ಮೊಮ್ಮಗಳು ಅನ್ನಪೂರ್ಣಾ, ಮನೆಯವರ ಅನ್ನಿ, ಓಡಿ ಬಂದು ಪುಸ್ತಕಕ್ಕೇ ಕೈ ಹಾಕಿದಳು.

“ಕೈ ತೊಳಕೊಂಡು ಮುಟ್ಟವಾ,” ಎಂದ ಸಿದ್ದರಾಮಜ್ಜ. “ಅದರಾಗ ನಿಮ್ಮ ಮನಿಯವರೆಲ್ಲಾ ಅದಾರ.”

“ಹಂಗಾರ ನಾನೂ ಅದೇನೇನ್ರಿ?”

ಸಿದ್ದರಾಮಜ್ಜ ಚಹಾ ಊದಿದ. ಅದು ಆಗಲೇ ಆರಿತ್ತು, ಆದರೂ ಊದಿದ.

ಇದೇ ಪ್ರಶ್ನೆಯನ್ನು ನಂದಾ ಏಳು ವರ್ಷದಿಂದ ಬಾಯಲ್ಲಿಟ್ಟುಕೊಂಡು ಕಾದಿದ್ದಳು. ಹಿಂದಿನ ಸಲ ಅಜ್ಜ ಬಂದಾಗ ಅನ್ನಿಗೆ ಮೂರು ವರ್ಷ. ಆಗ ಅವನು ನಂದಾಳ ಗಂಡ ಗೌರೀಶನ ಹೆಸರು ಬರೆದು, “ಮುಂದ ಗಂಡ ಹುಟ್ಟತೈತಿ, ಜಾಗಾ ಇರ್ಲಿ,” ಎಂದು ಅದರ ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟು ಹೋಗಿದ್ದ. ಗಂಡು ಹುಟ್ಟಲಿಲ್ಲ. ಇನ್ನು ಹುಟ್ಟುವ ವಿಚಾರವೂ ಇಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಾಗಿತ್ತು. ಸಿದ್ದರಾಮಜ್ಜನಿಗೋ ಎಪ್ಪತ್ಮೂರು; ಮೊಣಕಾಲು ಎರಡೂ ಕೈಕೊಟ್ಟಿದ್ದವು. ಮಗ ಅಳ್ನಾವರದಲ್ಲಿ ಗ್ಯಾರೇಜ್ ಇಟ್ಟಿದ್ದಾನೆ, ಪುಸ್ತಕ ಹೊರುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ. ಅಂದರೆ ಅನ್ನಿಯ ಹೆಸರು ಈ ಸಲ ಬಿದ್ದರೆ ಬಿತ್ತು. ಇಲ್ಲದಿದ್ದರೆ ಮನೆತನ ಗೌರೀಶನಿಗೆ ಬಂದು ನಿಂತಿತು, ಕೆಳಗೆ ಬಿಳಿ ಹಾಳೆ.

“ಅಜ್ಜಾರ, ಆಕೀ ಹೆಸರು ಬರೀರಿ,” ಎಂದಳು ನಂದಾ, ನೇರವಾಗಿ.

“ಹೆಣ್ಣಮಕ್ಕಳು ತವರಿನ ಹಾಳ್ಯಾಗ ಬರಂಗಿಲ್ಲವಾ. ಕೊಟ್ಟ ಮನಿಗೆ ಹೋಗ್ತಾರ.”

“ಕೊಟ್ಟ ಮನಿ ಹಾಳ್ಯಾಗರ ಬರ್ತಾರೇನ್ರಿ? ಅಲ್ಲಿ ಗಂಡನ ಹೆಸರು ಬರೀತೀರಿ. ನಾ ಎಲ್ಲಿ ಅದೇನಿ ಹೇಳ್ರಿ ನೋಡೂಣು.”

ಅಜ್ಜ ಯೋಚಿಸಿದ. “ಅದೂ ಖರೇನ,” ಎಂದ. ಸುಳ್ಳು ಹೇಳುವ ಪೈಕಿ ಅಲ್ಲ ಅವನು. “ಆದ್ರ ನಾ ಬರಿಯೋನಷ್ಟ. ಮನಿ ಹಿರ್ಯಾ ಬಾಯಿ ಬಿಟ್ಟು ಹೇಳಿದ ಹೆಸರು ಬರೀತೇನಿ. ಧಣೇರನ್ನ ಕೇಳು.”

ಧಣಿ ಎಂದರೆ ಈರಬಸಪ್ಪ. ಅವನು ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳುತ್ತಿದ್ದ. ಮೊಮ್ಮಗಳ ಮೇಲೆ ಜೀವ ಇಟ್ಟವನು. ಸಂತೆಯಿಂದ ಬಂದರೆ ಅವನ ಕಿಸೆಯನ್ನು ಮೊದಲು ತಡಕುವವಳು ಅವಳೇ. ಆದರೆ ಪುಸ್ತಕದ ಮಾತು ಬೇರೆ.

“ಏಳು ತಲಿಮಾರಿನ್ಯಾಗ ಇಲ್ಲದ್ದು ನಾ ಯಾಕ ಸುರು ಮಾಡ್ಲಿ?” ಎಂದ. “ಬಮ್ಮಿಗಟ್ಟಿಯೊಳಗ ನಮ್ಮ ಅಣ್ಣತಮ್ಮರು ಅದಾರ, ಅಗದಿ ನಗ್ತಾರ. ಗಂಡ ಇಲ್ಲಂತ ಹೆಣ್ಣು ತುಂಬ್ಯಾನ ಅಂತಾರ.” ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಗೋವಿನಜೋಳ ನೋಡಲು ಹೊಲಕ್ಕೆ ಹೋಗಿಬಿಟ್ಟ. ಉತ್ತರ ಕೊಡಬೇಕಾದಾಗಲೆಲ್ಲ ಅವನಿಗೆ ಹೊಲ ನೆನಪಾಗುತ್ತದೆ.

ಇಲ್ಲಿ ನಂದಾಳ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾದ ವರ್ಷ ಅವಳು ಹುಬ್ಬಳ್ಳಿಯ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಡಿಕ್ಷನರಿ ತಂದಿದ್ದಳು. ರಟ್ಟು ಇಲ್ಲ, ಮೊದಲಿನ ಒಂದಿಷ್ಟು ಹಾಳೆಯೂ ಇಲ್ಲ; ತೂಕ ಮಾತ್ರ ಒಣಕೊಬ್ಬರಿಯ ಚೀಲದಷ್ಟು. ಅದರಲ್ಲಿ ಪ್ರತಿ ಮಾತಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಆ ಮಾತು ಎಲ್ಲಿಂದ ಬಂತು ಎಂದು ಬರೆದಿತ್ತು. ನಂದಾ ರೊಟ್ಟಿ ಬೇಯುವ ಹೊತ್ತಿಗೆ ಒಂದು, ಅನ್ನ ಅರಳುವ ಹೊತ್ತಿಗೆ ಒಂದು ಎಂದು ಓದಿಕೊಂಡಳು. ದೊಡ್ಡ ದೊಡ್ಡ ಮಾತಿಗೆ ಅವಳು ಹೋಗಲಿಲ್ಲ. “ಉದ್ದನ ಮಾತಿಗೆ ಒಂದ ಅರ್ಥ ಇರ್ತದ, ಮುಗೀತು. ಸಣ್ಣ ಮಾತು ನೋಡ್ರಿ, ಹೊಟ್ಯಾಗ ಊರ ಇಟ್ಕೊಂಡಿರ್ತದ,” ಎನ್ನುತ್ತಿದ್ದಳು. ಅನ್ನಿ ಆ ರೊಟ್ಟಿಯ ವಾಸನೆಯಲ್ಲೇ ಬೆಳೆದಳು. ಹಾಗಾಗಿ ಅವಳಿಗೆ ಇಂಗ್ಲಿಷ್ ಮಾತುಗಳು ಬಾಜೂಕಿನ ಮನೆಯವರಷ್ಟೇ ಪರಿಚಯ.

ಆ ಮಧ್ಯಾಹ್ನ ಸಿದ್ದರಾಮಜ್ಜ ಕಟ್ಟೆಯ ಮೇಲೆ ಕೂತು ಈರಬಸಪ್ಪನ ಮನೆಯ ಹಾಳೆ ತೆರೆದುಕೊಂಡಿದ್ದ. ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಓದಬೇಕು. ಹಿಂದಿನ ದಿನ ಒಮ್ಮೆ ಬೆರಳಿಟ್ಟು ನೋಡಿಕೊಳ್ಳುವುದು ಅವನ ಪದ್ಧತಿ. ಕೈಯಲ್ಲಿ ಪೆನ್ನು. ಅನ್ನಿ ಬಂದು ಎದುರಿಗೆ ಕೂತಳು.

“ಹೆಳವಜ್ಜಾ, ನಿಮಗ ಎಲ್ಲಾರ ಅಪ್ಪ-ಅಜ್ಜನೂ ಗೊತ್ತೇನ್ರಿ?”

“ಈ ಹೋಬಳ್ಯಾಗ ಅಗದಿ ಎಲ್ಲಾರದೂ.”

“ಬಸ್ಸಿನ ಅಪ್ಪ ಯಾರು ಹೇಳ್ರಿ?”

“ಬಸ್ಸಿಗೆ ಅಪ್ಪ ಎಲ್ಲಿ ಇರ್ತಾನ? ಡಿಪೋ ಇರ್ತದ.”

“ಅದರ ಹೆಸರಿನ ಅಪ್ಪ! ಲ್ಯಾಟಿನ್ ಅಂತ ಒಂದು ಹಳೇ ಮನಿ. ಅಲ್ಲಿ ಓಮ್ನಿಬಸ್ ಅಂತ ಒಂದು ಮಾತು ಇತ್ತು. ಅಂದ್ರ ಎಲ್ಲಾರಿಗೂ. ಮಂದಿ ಎಲ್ಲಾ ಕೂಡೋ ಗಾಡಿಗೆ ಆ ಹೆಸರಿಟ್ರು. ಆಮ್ಯಾಲ ಅಷ್ಟುದ್ದ ಕರಿಯಾಕ ಬ್ಯಾಸರಾಗಿ ತಲಿ ಕಡದು ಒಗದು ಬಾಲ ಅಷ್ಟ ಇಟ್ಕೊಂಡ್ರು. ಬಸ್!”

ಸಿದ್ದರಾಮಜ್ಜನ ಕಣ್ಣು ಮೆಲ್ಲಗೆ ಮುಚ್ಚಿದವು. ನಿದ್ದೆಯಲ್ಲ. ಯಾರಾದರೂ ವಂಶ ಹೇಳತೊಡಗಿದರೆ ಅವನು ಕಣ್ಣು ಮುಚ್ಚುತ್ತಾನೆ. ಕಿವಿಗೆ ಬಿದ್ದದ್ದು ಕೈಗೆ ಇಳಿಯುತ್ತದೆ. ಐವತ್ತು ವರ್ಷದಿಂದ ಹಾಗೇ.

“ಬಾಲದಿಂದ ಹುಟ್ಟಿದವ,” ಎಂದು ಗೊಣಗಿದ. “ಅಣ್ಣತಮ್ಮರು?”

“ಅಣ್ಣತಮ್ಮರು ಬೇಕಂದ್ರ ಬ್ಯಾಂಕ್ ಅದಾರ್ರಿ. ಇಬ್ಬರು. ಒಬ್ಬಾಂವ ಅವ್ವ ಪಾಸಬುಕ್ ಒಯ್ಯೋ ಬ್ಯಾಂಕ್. ಇನ್ನೊಬ್ಬಾಂವ ಹೊಳಿ ದಂಡಿ. ಬೇಡ್ತಿ ಹೊಳಿ ದಂಡಿಗೂ ಇಂಗ್ಲಿಷಿನ್ಯಾಗ ಬ್ಯಾಂಕ್ ಅನ್ನೂದ.”

“ಒಂದ ಹೆಸರು, ಎರಡ ಮನಿ. ದಾಯಾದಿಗಳೋ, ಬರೇ ಹೆಸರಿನವರೋ?”

“ಅವ್ವಾ!” ಎಂದು ಅನ್ನಿ ಒಳಗೆ ಕೂಗಿದಳು. ನಂದಾ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ದಾಯಾದಿಗಳ್ರಿ ಅಜ್ಜಾರ. ಮೂಲ ಒಂದ. ಕೂಡೋ ಮಣಿ, ಬೆಂಚು ಅಂತೀವಲ್ಲ, ಅದು. ಹೊಳಿ ಬಾಜೂ ಬೆಂಚಿನಂಗ ಎತ್ತರ ಇರೋ ಮಣ್ಣಿಗೆ ಒಂದು ಕವಲು ಹೋತು, ಉತ್ತರದ ಚಳಿ ದೇಶದಿಂದ ಬಂತು. ಇನ್ನೊಂದು ಇಟಲಿಗೆ ಹೋತು. ಅಲ್ಲಿ ಸಾವ್ಕಾರ್ರು ಬೆಂಚು ಹಾಕ್ಕೊಂಡು ದುಡ್ಡಿನ ವ್ಯಾಪಾರ ಮಾಡ್ತಿದ್ರು. ಎಷ್ಟೋ ನೂರು ವರ್ಷ ಆದ ಮ್ಯಾಲ ಇಬ್ಬರೂ ಇಂಗ್ಲೆಂಡಿಗೆ ಬಂದು ಬಾಜೂಬಾಜೂ ನಿಂತ್ರು.”

“ಗುರುತು ಹಿಡದ್ರೇನು ಒಬ್ಬರನ್ನೊಬ್ಬರು?”

“ಇಲ್ರಿ.”

ಸಿದ್ದರಾಮಜ್ಜ ನಿಟ್ಟುಸಿರು ಬಿಟ್ಟ. “ಇದ ನೋಡು. ಊರ ಬಿಟ್ಟು ಹೋದವರು ಹೆಳವನ್ನ ಇಟ್ಕೊಳ್ಳಲಿಲ್ಲಂದ್ರ ಹಿಂಗ ಆಗತದ.”

“ಡಾಗ್ ಅಂತ ಐತ್ರಿ,” ಅನ್ನಿ ಹತ್ತಿರ ಸರಿದಳು. “ಅದರ ಅಪ್ಪ ಯಾರು ಅಂತ ಪುಸ್ತಕ ಬರದವರಿಗೂ ಗೊತ್ತಿಲ್ಲಂತ. ಮೊದಲ ನಾಯಿಗೆ ಹೌಂಡ್ ಅಂತಿದ್ರಂತ. ಇದು ಎಲ್ಲಿಂದೋ ಬಂದು ಬಾಗಲದಾಗ ಕುಂತಿತು, ಎದ್ದ ಹೋಗಲಿಲ್ಲ.”

“ಯಾರರೆ ಒಬ್ಬ ಅಪ್ಪನ್ನ ಹಚ್ಚಿಬಿಡ್ರಲ್ಲ ಅಜ್ಜಾರ,” ನಂದಾ ನಕ್ಕಳು.

ಅಜ್ಜ ಕಣ್ಣು ತೆರೆಯದೆಯೇ ಸಿಟ್ಟಾದ. “ಹಂಗ ಅನಬ್ಯಾಡವಾ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರೀಬೇಕು. ಅಪ್ಪ ಗೊತ್ತಿಲ್ಲದವಗ ಅಪ್ಪನ್ನ ಹುಟ್ಟಿಸಿದ್ರ ಹೆಳವನ ನಾಲಗಿ ಬೀಳತೈತಿ.” ಬಲಗೈ ತನ್ನ ಪಾಡಿಗೆ ತಾನು ನಡೆದಿತ್ತು.

ಆಮೇಲೆ ಕಾಟ್ ಬಂತು. ಅದು ನಮ್ಮ ಕಡೆಯದೇ ಎಂದಳು ಅನ್ನಿ. ಹಿಂದಿಯವರ ಖಾಟ್, ನಮ್ಮ ಹೊರಸಿನ ಅಕ್ಕತಂಗಿ. ಬಂದ ಇಂಗ್ಲಿಷರು ಇಲ್ಲಿ ಅದರ ಮೇಲೆ ಮಲಗಿದರು, ಎದ್ದು ಹೋಗುವಾಗ ಹೆಸರನ್ನೂ ಹೊತ್ತುಕೊಂಡು ಹೋದರು. ಈಗ ಹುಬ್ಬಳ್ಳಿಯ ಫರ್ನಿಚರ್ ಅಂಗಡಿಯಲ್ಲಿ ಅದೇ ಹೆಸರು ಹೊಸ ಬಟ್ಟೆ ತೊಟ್ಟು ವಾಪಸ್ ಬಂದಿದೆ.

“ಹಂಗಾರ ಮಗಳು,” ಎಂದ ಸಿದ್ದರಾಮಜ್ಜ. “ದೂರ ಕೊಟ್ಟ ಮಗಳು. ತವರಿಗೆ ಬಂದಾಳ.” ಕೈ ನಡೆಯಿತು.

ಸೆಟ್ ಎಂಬ ಮಾತಿಗೆ ಬಂದಾಗ ಮಾತ್ರ ಅವನಿಗೆ ಬೆವರು ಬಂತು. ಮೂರಕ್ಷರದ ಆ ಮಾತಿಗೆ ನಾನೂರಕ್ಕೂ ಹೆಚ್ಚು ಅರ್ಥ ಎಣಿಸಿದವರಿದ್ದಾರೆ ಎಂದಳು ನಂದಾ. ಗೌರೀಶ ರಿಪೇರಿ ಮಾಡುವ ಪಂಪಸೆಟ್ಟು, ಶಾರದವ್ವನ ಹಲ್ಲಿನ ಸೆಟ್ಟು, ಹೋಟೆಲಿನ ಸೆಟ್ ದೋಸೆ. “ಅವರಿಬ್ಬರೂ ಸೆಟ್ ಆಗ್ಯಾರ” ಎಂದು ಊರವರು ಪಿಸುಗುಟ್ಟುವ ಸೆಟ್ಟು ಬೇರೆ. ಅದರಲ್ಲೂ ಒಂದು ಮನೆಯಲ್ಲ, ಎರಡು ಮನೆ ಕಲೆತಿವೆ: ಇಡುವುದು ಎಂಬ ಅರ್ಥದ್ದು ಇಂಗ್ಲಿಷರ ಹಳೇ ಹಿತ್ತಲಿನದು, ಗುಂಪು ಎಂಬ ಅರ್ಥದ್ದು ಫ್ರೆಂಚರ ಮನೆಯಿಂದ ಬಂದದ್ದು.

“ಸಾಕವಾ,” ಎಂದು ಅಜ್ಜ ಹಾಳೆ ನೋಡದೆಯೇ ಪುಸ್ತಕ ಮುಚ್ಚಿ ಬಟ್ಟೆ ಸುತ್ತಿದ. “ಇದು ಮನಿತನ ಅಲ್ಲ, ತಾಲೂಕು.”

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಓಣಿಯ ಹತ್ತಿಪ್ಪತ್ತು ಮಂದಿ ಸೇರಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ರಸೂಲಸಾಬ. ಇಪ್ಪತ್ತೇಳು ವರ್ಷ ಬಸ್ಸಿನಲ್ಲಿ ಟಿಕೀಟು ಹರಿದು ರಿಟೈರ್ ಆದವನು, ಎಲ್ಲಿ ಮಂದಿ ಕೂಡಿದರೂ ಇವನಿಗೊಂದು ಸೀಟು ಬೇಕು. ಈರಬಸಪ್ಪ ಪುಸ್ತಕಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಎಲೆ-ಅಡಿಕೆ ಇಟ್ಟ. ನಂದಾ ಅಡಿಗೆಮನೆಯ ಬಾಗಿಲಲ್ಲಿ ನಿಂತಳು, ಒಳಗೂ ಅಲ್ಲ, ಹೊರಗೂ ಅಲ್ಲ. ಅನ್ನಿ ಅವಳ ಸೆರಗು ಹಿಡಿದಿದ್ದಳು.

ಸಿದ್ದರಾಮಜ್ಜ ಗಂಟಲು ಸರಿ ಮಾಡಿಕೊಂಡು ರಾಗ ಎತ್ತಿದ.

“ಕೇಳ್ರಿ ಹಿರ್ಯಾರ, ಕೇಳ್ರಿ ಕಿರ್ಯಾರ! ಮೂಲ ಊರು ಗುಡಗೇರಿ, ಬೆನ್ನ ಮ್ಯಾಲ ಬೀಜದ ಚೀಲ, ಮುಂದ ಜೋಡೆತ್ತು. ಬಮ್ಮಿಗಟ್ಟಿಯೊಳಗ ಎರಡು ಸುಗ್ಗಿ ಕಳದ್ರು, ದುಮ್ಮವಾಡದೊಳಗ ಹೊಲ ಹಿಡದ್ರು. ಕರೇ ಎತ್ತಿನ ಸಂಗನಬಸವಗ ಮೂವರು ಮಕ್ಕಳು…”

ತಲೆಮಾರುಗಳು ಒಂದೊಂದಾಗಿ ಇಳಿದವು. ಈರಬಸಪ್ಪ ಎದೆ ಸೆಟೆದು ಕೂತಿದ್ದ.

“…ಸಣ್ಣ ಸಂಗನಬಸವಗ ಈರಬಸಪ್ಪ. ಈರಬಸಪ್ಪಗ ಗೌರೀಶ. ಗೌರೀಶಗ ಬಸ್. ಲ್ಯಾಟಿನ್ನಿನ ಕುಲ, ಬಾಲದಿಂದ ಹುಟ್ಟಿದವ. ಬಸ್ಸಿನ ಬೆನ್ನಿಗೆ ಬ್ಯಾಂಕ್, ಅಣ್ಣತಮ್ಮರಿಬ್ಬರು, ಒಬ್ಬರನ್ನೊಬ್ಬರು ಗುರುತು ಹಿಡೀಲಿಲ್ಲ. ಡಾಗ್, ತಂದಿ ಗೊತ್ತಿಲ್ಲ…”

ರಾಗ ಇನ್ನೂ ಒಂದು ಸಾಲು ಮುಂದೆ ಹೋಯಿತು. ಎತ್ತು ನಿಂತರೂ ಚಕ್ಕಡಿ ನಿಲ್ಲದ ಹಾಗೆ. ಆಮೇಲೆ ಸಿದ್ದರಾಮಜ್ಜನಿಗೆ ತಾನು ಓದುತ್ತಿರುವುದು ತನಗೇ ಕೇಳಿಸಿತು.

ಮೊದಲು ನಕ್ಕವನು ರಸೂಲಸಾಬ.

“ಗೌರೀಶಾ! ಬಸ್ ನಿನ್ನ ಹೊಟ್ಟ್ಯಾಗ ಹುಟ್ಟೇತಿ ಅಂತ ಗೊತ್ತಿದ್ರ ನಾ ಇಪ್ಪತ್ತೇಳು ವರ್ಷ ನಿಮ್ಮಪ್ಪಗ ಟಿಕೀಟ ಕೇಳ್ತಿದ್ದಿಲ್ಲಲೇ!”

“ಬಸ್ ಇರ್ಲಿ ಕಾಕಾ,” ಎಂದ ಗೌರೀಶ ಮುಖ ಹುಳ್ಳಗೆ ಮಾಡಿ. “ತಂದಿ ಗೊತ್ತಿಲ್ಲ ಅಂತ ನನ್ನ ಹೆಸರಿನ ಕೆಳಗ ಬರದಾರಲ್ಲ!”

ಮಂದಿ ಹೊರಳಾಡಿ ನಕ್ಕರು. ಈರಬಸಪ್ಪ ನಗಲಿಲ್ಲ. ಅವನ ಕಿವಿ ಕೆಂಪಾಗಿದ್ದವು.

“ಸಿದ್ದರಾಮಾ, ಏನಿದು? ಹೊಡಿ ಗೀಟು!”

“ಗೀಟ ಹೊಡ್ಯಾಕ ಬರಂಗಿಲ್ಲ ಧಣೇರ,” ಅಜ್ಜನ ಧ್ವನಿ ಸಣ್ಣದಾಗಿತ್ತು. “ಕಾಯಿ ಒಡದು ಓದಿದ್ದಕ್ಕ ಗೀಟ ಹೊಡದ್ರ ಮನಿತನಾನ ಕಡದಂಗ. ನಮ್ಮಪ್ಪ ಸಾಯೂತನಕ ಒಂದ ಗೀಟ ಹೊಡೀಲಿಲ್ಲ.”

“ಹಾಳಿ ಹರಿ ಹಂಗಾರ.”

ಅಜ್ಜ ಹಾಳೆ ತಿರುವಿ ತೋರಿಸಿದ. “ಹಿಂದ ನಿಮ್ಮ ಮುತ್ತಜ್ಜ ಅದಾನ್ರಿ.”

“ವೈಟ್ನರ್ ಹಚ್ಚೂಣೇನ್ರಿ?” ಎಂದ ಗೌರೀಶ. ಇಬ್ಬರು ಹಿರಿಯರೂ ಅವನತ್ತ ನೋಡಿದ ರೀತಿಗೆ ಅವನು ಕಂಬದ ಹಿಂದೆ ಸರಿದ.

“ಹೋಗ್ಲಿ ಬಿಡು ಈರಬಸಪ್ಪಣ್ಣ,” ರಸೂಲಸಾಬ ಕಣ್ಣೊರೆಸಿಕೊಂಡ. “ಹೊಲದ ಪಹಣಿ ಉತಾರಾನೂ ಬಸ್ಸಿನ ಹೆಸರಿಗೆ ಮಾಡಿಬಿಡು. ಎಲ್ಲಾರಿಗೂ ಅನುಕೂಲ.”

ಅಷ್ಟರಲ್ಲಿ ಶಾರದವ್ವ ಎದ್ದು ಬಂದಳು. ಅವಳು ಹತ್ತು ಮಂದಿಯ ನಡುವೆ ಮಾತಾಡುವುದು ಕಡಿಮೆ. ಪುಸ್ತಕದ ಮುಂದೆ ಬಗ್ಗಿ, ಓದಲು ಬರದಿದ್ದರೂ ಹಾಳೆ ನೋಡಿದಳು.

“ನಾ ಈ ಮನ್ಯಾಗ ನಲವತ್ತೊಂದು ವರ್ಷ ರೊಟ್ಟಿ ಬಡದೇನಿ. ಇದರಾಗ ಅದೇನೇನ್ರಿ ಅಜ್ಜಾರ?”

“ಇಲ್ಲವಾ.”

“ಬಸ್ ನಿನ್ನೆ ಬಂತು. ಬಂದಕೂಡ್ಲೆ ಸೀಟ ಸಿಕ್ತು. ಇನ್ನೇನ ಬರದೀರಿ ಓದ್ರಿ.”

ಸಿದ್ದರಾಮಜ್ಜ ಬೆರಳಿಟ್ಟು ಕೆಳಗಿಳಿದ. “ಕಾಟ್,” ಎಂದ. ಮುಂದಿನದನ್ನು ನುಂಗಿಕೊಂಡ.

“ಪೂರಾ ಓದ್ರಿ.”

“ಕಾಟ್, ಮಗಳು. ದೂರ ಕೊಟ್ಟಿದ್ದು. ತವರಿಗೆ ಬಂದಾಳ.”

“ಮಲಗೋ ಹೊರಸಿಗೆ ಮಗಳು ಅಂತ ಬರೀಲಿಕ್ಕೆ ಬರ್ತದ,” ಎಂದಳು ಶಾರದವ್ವ. ಹೋಗಿ ಸೊಸೆಯ ಬಾಜೂ ನಿಂತಳು. ಈಗ ಬಾಗಿಲಲ್ಲಿ ಮೂವರಾದರು.

ಸಿದ್ದರಾಮಜ್ಜ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೂ ಈ ಹಾಳೆಯಿಂದ ಪಾರಾಗಬೇಕಿತ್ತು. ಐವತ್ತು ವರ್ಷದ ಹೆಸರು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇದ್ದಕ್ಕಿದ್ದಂತೆ ಅವನ ಹುಬ್ಬು ಮೇಲೇರಿತು.

“ಧಣೇರ, ಇಲ್ಲಿ ನೋಡ್ರಿ. ಗೌರೀಶಪ್ಪನ ಹೆಸರಿಗೂ ಬಸ್ಸಿಗೂ ನಡುವ ಎಷ್ಟ ಜಾಗಾ ಐತಿ?”

ಎರಡು ಬೆರಳಿನಷ್ಟು ಇತ್ತು.

“ಅಪ್ಪ-ಮಗನ ನಡುವ ನಾ ಬಿಡೂದು ಒಂದ ಬೆರಳು. ಎರಡು ಬೆರಳು ಬಿಟ್ಟೇನಂದ್ರ ನಡುವ ಒಂದ ತಲಿಮಾರು ಬರೂದೈತಿ ಅಂತ ಅರ್ಥ. ನಾ ಕಣ್ಣ ಮುಚ್ಚಿದ್ದೆ, ಕೈ ಮುಚ್ಚಿದ್ದಿಲ್ಲ. ತಪ್ಪ ಬರದಿಲ್ರಿ. ಒಂದ ಹೆಸರು ಬರೂದು ಉಳದೈತಿ, ಅಷ್ಟ.”

“ಯಾರ ಹೆಸರು?”

“ಇವನ್ನೆಲ್ಲಾ ಈ ಮನಿಗೆ ಕರಕೊಂಡು ಬಂದವರು ಯಾರು? ಅವರದು. ಅವರ ಹೆಸರು ನಡುವ ಬಂತಂದ್ರ ಬಸ್ಸು, ಡಾಗು, ಕಾಟು ಎಲ್ಲಾ ಅವರು ಕಲ್ತ ಮಾತು ಅಂತ ಆಗತೈತಿ. ನಿಮ್ಮ ಮಗನ ತಲಿಮ್ಯಾಲಿಂದ ಇಳೀತಾವ. ಬರ್ಲಿಲ್ಲಂದ್ರ…” ಅವನು ಡಾಗಿನ ಮೇಲೆ ಬೆರಳಿಟ್ಟ. “ಆದ್ರ ಹೆಸರು ನೀವ ಹೇಳಬೇಕು. ನಾ ಬರಿಯೋನಷ್ಟ.”

ಎಲ್ಲರೂ ಅನ್ನಿಯನ್ನು ನೋಡಿದರು. ಅನ್ನಿ ತನ್ನ ಅಜ್ಜನನ್ನು ನೋಡಿದಳು. ಈರಬಸಪ್ಪ ಹೊರಗೆ ನೋಡಿದ, ಹೊಲದ ದಿಕ್ಕಿಗೆ. ಎದ್ದು ಹೋಗಲು ಟವೆಲ್ಲಿಗೆ ಕೈಯನ್ನೂ ಹಾಕಿದ. ಅದು ಆಗಲೇ ಹತ್ತಿರ ಬಂದಿದ್ದ ಅನ್ನಿಯ ಕೈಯಲ್ಲಿತ್ತು.

“ಕೊಡವಾ ಇಲ್ಲಿ.”

“ಹೆಸರು ಹೇಳ್ರಿ, ಕೊಡ್ತೇನಿ.”

“ಏನ ಹುಡುಗಿ ಬೇ ಇದು!” ಎಂದ ಅವನು, ಯಾರಿಗೆಂದು ಇಲ್ಲದೆ. ಮತ್ತೆ ಕೂತ. ತಲೆ ಕೆರೆದುಕೊಂಡ. ಹತ್ತು ವರ್ಷ ಅನ್ನಿ, ಅನ್ನಕ್ಕ, ಕತ್ತೆ, ಕೋತಿ ಎಂದೆಲ್ಲ ಕರೆದಿದ್ದಾನೆ. ಪೂರ್ತಿ ಹೆಸರು ಹೇಳಿದ್ದಿಲ್ಲ. ಅದು ಅವನ ತಾಯಿಯ ಹೆಸರು. ತೊಟ್ಟಿಲ ದಿನ ಅವನೇ ಇಟ್ಟದ್ದು. ಆ ತಾಯಿಯನ್ನೂ ಈ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ, ಅವನಿಗದು ಈತನಕ ಹೊಳೆದೂ ಇರಲಿಲ್ಲ.

“ಅನ್ನಪೂರ್ಣಾ,” ಎಂದ. ಇನ್ನೊಮ್ಮೆ ಜೋರಾಗಿ ಹೇಳಿದ, “ಅನ್ನಪೂರ್ಣಾ. ಬರಕೋ.”

“ಯಾರ ಮಗಳು?” ಸಿದ್ದರಾಮಜ್ಜ ಪದ್ಧತಿ ಬಿಡುವವನಲ್ಲ.

“ಗೌರೀಶಂದು.” ಬಾಗಿಲ ಕಡೆ ನೋಡಿ, “ಮತ್ತ ನಂದಾಂದು,” ಎಂದ. “ಎರಡ ಬೆರಳ ಜಾಗಾ ಸಾಲತದೇನು ನೋಡು.”

“ಸಣ್ಣ ಅಕ್ಷರ ಮಾಡ್ತೇನಿ.”

ಬರೆದ. ಅನ್ನಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅಜ್ಜ ಮತ್ತೆ ರಾಗ ಎತ್ತಿ, ಈರಬಸಪ್ಪಗ ಗೌರೀಶ, ಗೌರೀಶ ಮತ್ತು ನಂದಾಗ ಅನ್ನಪೂರ್ಣಾ, ಅನ್ನಪೂರ್ಣಾನ ಮಾತಿನ ಮಕ್ಕಳು ಬಸ್ ಮೊದಲಾಗಿ ಕಾಟ್ ವರೆಗೆ ಎಂದು ಓದಿ ಮುಗಿಸಿದ. ನಂದಾ ಒಳಗೆ ಹೋಗಿ, ಯಾರೂ ಕೇಳದಿದ್ದರೂ, ಎಲ್ಲರಿಗೂ ಚಹಾ ಇಟ್ಟಳು. ಸಕ್ಕರೆ ಎರಡು ಸಲ ಹಾಕಿದ್ದು ಕುಡಿದವರಿಗೆ ಗೊತ್ತಾಯಿತು.

ಸಂಜೆ ನಾಲ್ಕಕ್ಕೆ ಟಂಟಂ ಬಂತು. ಸಿದ್ದರಾಮಜ್ಜ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಮ್ಮಿಗಟ್ಟಿಯ ದಾರಿ ಹಿಡಿದ. ಗಾಡಿಗಿಂತ ಸುದ್ದಿ ಮುಂದೆ ಹೋಗಿತ್ತು. ಈರಬಸಪ್ಪ ಎತ್ತಿಗೆ ಮೇವು ಹಾಕುವಾಗ ಫೋನು ಬಡಿದುಕೊಂಡಿತು. ನಗುತ್ತಾರೆಂದು ಅವನು ಹೆದರಿದ್ದ ಬಮ್ಮಿಗಟ್ಟಿಯ ದೊಡ್ಡಪ್ಪನ ಮಗ ಭೀಮೇಶ.

“ಅಣ್ಣಾ, ನಿಮ್ಮ ಹಾಳ್ಯಾಗ ಹೆಣ್ಣಮಗಳ ಹೆಸರು ಬಿದ್ದೈತಂತ ಖರೇನ?”

“ಖರೆ. ಏನೀಗ?” ಈರಬಸಪ್ಪ ಜಗಳಕ್ಕೆ ನಿಂತವನಂತೆ ಕೇಳಿದ.

ಭೀಮೇಶ ಧ್ವನಿ ತಗ್ಗಿಸಿದ. “ಏನಿಲ್ಲ. ನನಗೂ ಎರಡ ಮೊಮ್ಮಕ್ಕಳು, ಎರಡೂ ಹೆಣ್ಣ. ನಮ್ಮ ಸೊಸಿ ಶೈಲಾ ಮಧ್ಯಾಹ್ನದಿಂದ ಮಕ್ಕಳ ಇಂಗ್ಲಿಷ್ ಪುಸ್ತಕ ಹರವಿಕೊಂಡು ಕುಂತಾಳ. ಹೆಳವಜ್ಜಗ ಯಾವ ಮಾತು ಹೇಳಿದ್ರ ಚೊಲೊ ಅಂತ ಕೇಳಾಕ್ಹತ್ಯಾಳ.”

ಅನ್ನಿಯಿಂದ ಎಲ್ಲ ಮಾತಿನ ಕಥೆ ಕೇಳಿಸಿಕೊಂಡಿದ್ದ ಈರಬಸಪ್ಪ ಮೇವಿನ ಸಿವುಡು ಕೆಳಗಿಟ್ಟು ಅನುಭವಸ್ಥನ ಧ್ವನಿಯಲ್ಲಿ ಹೇಳಿದ:

“ಸಣ್ಣದ ಹೇಳ್ರಿ. ಆದ್ರ ಸೆಟ್ ಅಷ್ಟ ಬ್ಯಾಡ, ಹಾಳಿ ಸಾಲಂಗಿಲ್ಲ. ಮತ್ತ ಡಾಗ್ ಅಂತೂ ಹೇಳಾಕ ಹೋಗಬ್ಯಾಡ್ರಿ.”